ವಿಶ್ರಾಮಬಾಗ್ ವಾಡೆ: ಬದಲಾಗುತ್ತ ಉಳಿದ ಮನೆ

ಪುಣೆಯ ಹಳೆಯ ಪೇಟೆಗಳ ನಡುವೆ, ಬಾಜೀರಾವ್ ರಸ್ತೆಯ ಅಂಚಿನಲ್ಲಿ ನಿಂತಿರುವ ವಿಶ್ರಾಮಬಾಗ್ ವಾಡೆಯನ್ನು ನಾವು ಪೇಶ್ವೆಗಳ ಸ್ಮಾರಕವೆಂದು ಕರೆಯುತ್ತೇವೆ. ಆದರೆ ಅದನ್ನು ಕಟ್ಟಿಸಿದ ಎರಡನೆಯ ಬಾಜೀರಾಯ ಅಲ್ಲಿ ಬಾಳಿದ್ದು ಸುಮಾರು ಹತ್ತು ವರ್ಷ ಮಾತ್ರ. ಆಮೇಲಿನ ಇನ್ನೂರು ವರ್ಷಗಳಲ್ಲಿ ಆ ಮನೆ ಪಾಠಶಾಲೆಯಾಯಿತು, ಕಚೇರಿಯಾಯಿತು, ಅಂಚೆಮನೆಗೂ ಜಾಗ ಕೊಟ್ಟಿತು. ಇವುಗಳಲ್ಲಿ ಯಾವುದನ್ನು ಆ ಕಟ್ಟಡದ ನಿಜವಾದ ಆಯುಷ್ಯವೆಂದು ಎಣಿಸಬೇಕು?

'ವಾಡೆ' ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಗಳಲ್ಲಿ ದೇಸಾಯರ ಮನೆಗಳಿಗೆ ಇದೇ ಹೆಸರು. ದೊಡ್ಡ ಬಾಗಿಲು, ಅದರೊಳಗೊಂದು ದಿಂಡಿ ಬಾಗಿಲು, ಒಳಗೆ ಆಕಾಶಕ್ಕೆ ತೆರೆದ ಚೌಕ, ಸುತ್ತಲೂ ಪಡಸಾಲೆ: ಈ ವಿನ್ಯಾಸವನ್ನು ಭೀಮಾನದಿಯ ಎರಡೂ ದಡಗಳಲ್ಲಿ ಕಾಣುತ್ತೇವೆ. ಎರಡು ಕಂಬಗಳ ನಡುವಿನ ಜಾಗವನ್ನು ನಾವು 'ಅಂಕಣ' ಎನ್ನುತ್ತೇವೆ, ಮರಾಠಿಗರು 'ಖಣ' ಎನ್ನುತ್ತಾರೆ. ಮನೆಯ ಅಳತೆಯನ್ನು ಹೇಳುವುದು ಈ ಅಂಕಣಗಳ ಲೆಕ್ಕದಲ್ಲಿಯೇ. ಭಾರವನ್ನು ಹೊರುವ ಕೆಲಸ ಬಹುಮಟ್ಟಿಗೆ ಮರದ ಕಂಬ, ತೊಲೆ, ಜಂತಿಗಳದು. ಆದ್ದರಿಂದ ಕಂಬಗಳ ನಡುವೆ ಗೋಡೆ ಎಬ್ಬಿಸಿದರೂ ಕೆಡವಿದರೂ ಮನೆ ಬೀಳುವುದಿಲ್ಲ. ಬದಲಾವಣೆಗೆ ಎಡೆಕೊಡುವ ಗುಣ ವಾಡೆಯ ರಚನೆಯಲ್ಲಿಯೇ ಇದೆ.

ವಿಶ್ರಾಮಬಾಗ್ ವಾಡೆ ಸಿದ್ಧವಾದದ್ದು 1807ರ ಸುಮಾರಿಗೆ. ವೆಚ್ಚ 2 ಲಕ್ಷ ರೂಪಾಯಿ ಎಂಬುದು ರೂಢಿಯ ಲೆಕ್ಕ. ಸುರುವಿನ ಮರದ ಆಕಾರದಲ್ಲಿ ಕಡೆದ ಕಂಬಗಳು, ಬೀದಿಯ ಕಡೆಗೆ ಚಾಚಿದ ಕೆತ್ತನೆಯ ಸಜ್ಜೆ ಇಂದಿಗೂ ಅದರ ಮುಂಭಾಗದ ಹೆಗ್ಗುರುತು. 1817ರ ನವೆಂಬರ್ 5ರಂದು ಖಡಕಿಯ ಕಾಳಗವಾಯಿತು; ಮರುವರ್ಷ ಬಾಜೀರಾಯ ಶರಣಾಗಿ ಬಿಠೂರಿಗೆ ಹೋದನು. ಅರಸು ಹೋದ ಮೇಲೆ ಅರಮನೆಗೆ ಏನು ಕೆಲಸ? 1821ರಲ್ಲಿ ದಖ್ಖನಿನ ಕಮಿಷನರ್ ವಿಲಿಯಂ ಚಾಪ್ಲಿನ್ ಅಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದನು. ಪೇಶ್ವೆಗಳು ವಿದ್ವಾಂಸರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣವೇ ಅದಕ್ಕೆ ಆಧಾರ. 1864ರಲ್ಲಿ ಡೆಕ್ಕನ್ ಕಾಲೇಜು ಎಂಬ ಹೆಸರು ಪಡೆದ ಸಂಸ್ಥೆಯ ಬೇರು ಇಲ್ಲಿಯದು.

ಅದೇ ಚಾಪ್ಲಿನ್ ಕಮಿಷನರ್ ಆಗಿದ್ದಾಗಲೇ, 1824ರ ಡಿಸೆಂಬರಿನಲ್ಲಿ, ಕಿತ್ತೂರಿನ ಕೋಟೆ ಕಂಪನಿಯ ವಶವಾಯಿತು. ಕಿತ್ತೂರಿನ ಅರಮನೆಯಲ್ಲಿ ಇಂದು ನಾವು ಕಾಣುವುದು ಮಾಡು ಕಳೆದುಕೊಂಡ ಗೋಡೆಗಳನ್ನು, ಜಗಲಿಗಳನ್ನು. ಪುಣೆಯ ಶನಿವಾರ ವಾಡೆಯೂ 1828ರ ಬೆಂಕಿಯಲ್ಲಿ ಒಳಗಿನ ಮನೆಗಳನ್ನೆಲ್ಲ ಕಳೆದುಕೊಂಡಿತು. ಕೋಟೆಗೋಡೆ, ಹೆಬ್ಬಾಗಿಲುಗಳು ಉಳಿದವು. ವಿಶ್ರಾಮಬಾಗಿಗೂ 1879ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಒಂದು ಭಾಗ ನಾಶವಾಯಿತು. ಆದರೆ ಆ ಹೊತ್ತಿಗೆ ಅದು ಊರಿಗೆ ಬೇಕಾದ ಮನೆಯಾಗಿತ್ತು, ಆದ್ದರಿಂದ ಸುಟ್ಟ ಭಾಗ ಮತ್ತೆ ಎದ್ದಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ನಗರಪಾಲಿಕೆಯ ಕಚೇರಿಯೂ ಅಲ್ಲಿಯೇ ನಡೆಯಿತು.

ಹಾಗೆಂದು ಎಲ್ಲ ಬದಲಾವಣೆಯೂ ಮನೆಯನ್ನು ಉಳಿಸುತ್ತದೆಂದು ನಾವು ಹೇಳಲಾರೆವು. ಪುಣೆಯ ಪೇಟೆಗಳಲ್ಲಿದ್ದ ಸಾಮಾನ್ಯರ ವಾಡೆಗಳ ಕಥೆ ಬೇರೆ. ಒಂದೊಂದು ಅಂಕಣವೂ ಒಂದೊಂದು ಬಾಡಿಗೆ ಸಂಸಾರವಾಯಿತು. 1947ರ ಮುಂಬಯಿ ಬಾಡಿಗೆ ಕಾಯಿದೆ ಬಡ ಬಾಡಿಗೆದಾರನಿಗೆ ನೆರಳಾಯಿತು, ನಿಜ. ಆದರೆ ಬಂದ ಬಾಡಿಗೆಯಲ್ಲಿ ಹೆಂಚು ಕೈಯಾಡಿಸುವುದಕ್ಕೂ ಮಾಲೀಕನಿಗೆ ಸಾಲದಾಯಿತು. ಮನೆ ತನ್ನದಲ್ಲವೆಂದು ಒಬ್ಬ, ಲಾಭವಿಲ್ಲವೆಂದು ಇನ್ನೊಬ್ಬ ಕೈಬಿಟ್ಟರು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದಾಗ ನದಿಯಂಚಿನ ಎಷ್ಟೋ ವಾಡೆಗಳು ಕುಸಿದವು. ಉಳಿದವುಗಳ ಜಾಗದಲ್ಲಿ ಬಹುಮಹಡಿಗಳು ಎದ್ದವು. ದುರಸ್ತಿಯೇ ಕೇಡಾದದ್ದೂ ಉಂಟು: ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾರದೆ ಒಳಗೇ ನಿಂತು, ಗೋಡೆಯೊಳಗಿನ ತೊಲೆಯ ತುದಿ ಕೊಳೆಯುತ್ತದೆ.

ಎರಡು ಕಥೆಗಳಲ್ಲಿಯೂ ಗೋಡೆಗಳು ಎದ್ದವು, ಬಿದ್ದವು, ಒಳಗಿನವರು ಬದಲಾದರು. ಒಂದರಲ್ಲಿ ಹೊಣೆ ಹೊರುವವರು ಇದ್ದರು, ಇನ್ನೊಂದರಲ್ಲಿ ಯಾರೂ ಉಳಿಯಲಿಲ್ಲ. ಆದುದರಿಂದ ಇಂಥ ಮನೆಯನ್ನು ಜೀರ್ಣೋದ್ಧಾರ ಮಾಡುವಾಗ, ಪೇಶ್ವೆಯ ಕಾಲದ್ದಲ್ಲವೆಂಬ ಒಂದೇ ಕಾರಣಕ್ಕೆ ಶಾಲೆಯ ಕಾಲದ ಕಿಟಕಿಯನ್ನೂ ಕಚೇರಿಯ ಕಾಲದ ಮೆಟ್ಟಿಲನ್ನೂ ಕಿತ್ತೊಗೆಯುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ. ಸುರುವಿನ ಕಂಬಗಳನ್ನು ಇಂದಿನವರೆಗೆ ತಲುಪಿಸಿದವರು ಆ ಶಾಲೆಯ ಮೇಷ್ಟರು, ಆ ಕಚೇರಿಯ ಗುಮಾಸ್ತರು. ನಮ್ಮ ಸೀಮೆಯ ದೇಸಾಯರ ವಾಡೆಗಳೂ ಈಗ ಇದೇ ಕವಲಿನಲ್ಲಿ ನಿಂತಿವೆ. ಅವುಗಳ ಪಡಸಾಲೆಯಲ್ಲಿ ಒಂದು ಗ್ರಂಥಾಲಯವೋ ಬಾಲವಾಡಿಯೋ ನಡೆದರೆ, ಮಳೆಗಾಲಕ್ಕೆ ಮುಂಚೆ ಮಾಳಿಗೆಯನ್ನು ಏರಿ ನೋಡುವವರು ಒಬ್ಬರಾದರೂ ಇರುತ್ತಾರೆ.