ಕ್ರೈಸ್ತ ಚೇತರಿಕೆ ಗುಂಪುಗಳು

ಕುಡಿತ, ಮಾದಕವಸ್ತು, ಜೂಜು, ಅಂಕೆ ಮೀರಿದ ಸಿಟ್ಟು ಇಂಥವುಗಳಿಂದ ಬಿಡಿಸಿಕೊಳ್ಳಲು ಯೇಸುವಿನ ಹೆಸರಿನಲ್ಲಿ ವಾರಕ್ಕೊಮ್ಮೆ ಸೇರಿ, ತಂತಮ್ಮ ಪಾಡನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕೂಟಗಳು. ಇವನ್ನು ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆಯ (ಎಎ) ಕ್ರೈಸ್ತ ರೂಪವೆಂದು ಪರಿಚಯಿಸುವುದುಂಟು. ದಾಖಲೆ ತೆರೆದರೆ ಕತೆ ತಿರುವುಮುರುವು: ಎಎ ತಾನೇ ಒಂದು ಕ್ರೈಸ್ತ ಬಳಗದ ಒಡಲಿನಿಂದ ಬಂದದ್ದು.

ಅದಕ್ಕೂ ಹಿಂದೆ ಯತ್ನಗಳು ನಡೆದಿದ್ದವು. 1840ರಲ್ಲಿ ಬಾಲ್ಟಿಮೋರ್‌ನ ಹೆಂಡದಂಗಡಿಯೊಂದರಲ್ಲಿ ಆರು ಮಂದಿ ಕುಡಿತ ಬಿಡುವ ಆಣೆ ಮಾಡಿ ಕಟ್ಟಿದ ವಾಷಿಂಗ್ಟನಿಯನ್ ಚಳವಳಿ ಬೇಗ ಹಬ್ಬಿತು, ಅಷ್ಟೇ ಬೇಗ ಕರಗಿತು. ಜೈಲು ಕಂಡು ಬಂದಿದ್ದ ಜೆರ್ರಿ ಮೆಕಾಲೆ 1872ರಲ್ಲಿ ನ್ಯೂಯಾರ್ಕ್‌ನ ವಾಟರ್ ಸ್ಟ್ರೀಟ್‌ನಲ್ಲಿ ತೆರೆದ ಮಿಷನ್ನಿನಲ್ಲಿ ಕುಡಿತ ಬಿಟ್ಟವರೇ ಎದ್ದುನಿಂತು ಸಾಕ್ಷಿ ಹೇಳುತ್ತಿದ್ದರು.

ಅಮೆರಿಕದ ಲೂಥರನ್ ಪಾದ್ರಿ ಫ್ರಾಂಕ್ ಬುಕ್‌ಮನ್ ಕಟ್ಟಿದ ಬಳಗಕ್ಕೆ 1928ರ ದಕ್ಷಿಣ ಆಫ್ರಿಕಾ ಪ್ರವಾಸದ ವೇಳೆ ‘ಆಕ್ಸ್‌ಫರ್ಡ್ ಗ್ರೂಪ್’ ಎಂಬ ಹೆಸರು ಅಂಟಿಕೊಂಡಿತು. ಪ್ರಾಮಾಣಿಕತೆ, ಪರಿಶುದ್ಧತೆ, ನಿಸ್ವಾರ್ಥ, ಪ್ರೀತಿ ಇದರ ನಾಲ್ಕು ಅಳತೆಗೋಲುಗಳು. ತಪ್ಪನ್ನು ಇನ್ನೊಬ್ಬರೆದುರು ಒಪ್ಪಿಕೊಳ್ಳುವುದು, ನೋಯಿಸಿದವರ ಬಳಿ ಹೋಗಿ ಸರಿಪಡಿಸುವುದು ನಿತ್ಯದ ಸಾಧನೆ. ಕುಡುಕರಿಗೆಂದು ಹುಟ್ಟಿದ ಬಳಗ ಇದಾಗಿರಲಿಲ್ಲ. 1934ರ ನವೆಂಬರಿನಲ್ಲಿ ಇದರ ಸದಸ್ಯ ಎಬ್ಬಿ ಥ್ಯಾಚರ್ ತನ್ನ ಹಳೆಯ ಕುಡಿತದ ಗೆಳೆಯ ಬಿಲ್ ವಿಲ್ಸನ್‌ನನ್ನು ಕಾಣಲು ಹೋದ. ಮರುವರ್ಷ ಮೇ ತಿಂಗಳಲ್ಲಿ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಅಮೆರಿಕದ ಅಕ್ರಾನ್ ನಗರದಲ್ಲಿ ಭೇಟಿಯಾದರು; ಎಎ ಕಟ್ಟಿದವರು ಇವರಿಬ್ಬರೇ.

ಈ ಕೆಲವೇ ವರ್ಷಗಳ ತಾರೀಖುಗಳ ಸುತ್ತಲೇ ಗೊಂದಲ ಹೆಚ್ಚು. ಥ್ಯಾಚರ್‌ನನ್ನು ಬಳಗಕ್ಕೆ ಕರೆತಂದವರಲ್ಲಿ ಒಬ್ಬನಾದ ರೋಲಂಡ್ ಹಝರ್ಡ್, ಮನೋವೈದ್ಯ ಕಾರ್ಲ್ ಯೂಂಗ್ ಬಳಿ ಚಿಕಿತ್ಸೆ ಪಡೆದದ್ದು 1931ರ ಸುಮಾರಿಗೆ ಎಂದು ವಿಲ್ಸನ್ 1961ರಲ್ಲಿ ಯೂಂಗ್‌ಗೇ ಬರೆದಿದ್ದರು. ಹಝರ್ಡ್ ಕುಟುಂಬದ ಕಾಗದಪತ್ರಗಳನ್ನು ಜಾಲಾಡಿದ ಸಂಶೋಧಕರಿಗೆ ಸಿಕ್ಕ ವರ್ಷ 1926. ಎಎ ತನ್ನ ಹುಟ್ಟುಹಬ್ಬವನ್ನು ಸ್ಮಿತ್ ಕೊನೆಯ ಬಾರಿ ಕುಡಿದರೆನ್ನುವ 1935ರ ಜೂನ್ 10ಕ್ಕೆ ಆಚರಿಸುತ್ತದೆ. ಆದರೆ ಸ್ಮಿತ್ ಆ ಕೊನೆಯ ಸುತ್ತು ಕುಡಿದದ್ದು ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋದಾಗ; ಆ ಸಮ್ಮೇಳನ ಶುರುವಾದದ್ದೇ ಜೂನ್ 10ರಂದು. ಕೊನೆಯ ಗುಟುಕು ಅದಾದ ಒಂದು ವಾರದ ಮೇಲೆ ಎಂಬ ಲೆಕ್ಕವೇ ಹೆಚ್ಚು ನಂಬಲರ್ಹ. ಹಬ್ಬ ಮಾತ್ರ ಹತ್ತಕ್ಕೇ ನಡೆದುಕೊಂಡು ಬಂದಿದೆ.

ಹೀಗೆ ಕುಡಿತ ಬಿಟ್ಟವರಲ್ಲಿ 1937ರಲ್ಲಿ ನ್ಯೂಯಾರ್ಕಿನವರು, 1939ರಲ್ಲಿ ಅಕ್ರಾನಿನವರು ಆಕ್ಸ್‌ಫರ್ಡ್ ಬಳಗವನ್ನು ಬಿಟ್ಟರು. 1939ರಲ್ಲಿ ಅಚ್ಚಾದ ಎಎ ಪುಸ್ತಕ ಹೇಳುವ, ಕುಡಿತದಿಂದ ಹೊರಬರುವ ಹನ್ನೆರಡು ಹಂತಗಳಲ್ಲಿ ಪಾಪನಿವೇದನೆ ಉಳಿಯಿತು, ಪ್ರಾರ್ಥನೆ ಉಳಿಯಿತು. ಯೇಸುವಿನ ಹೆಸರು ಇರಲಿಲ್ಲ. ದೇವರನ್ನು ಅವರವರು ಕಂಡಂತೆ ನಂಬಬಹುದೆಂಬ ಸಡಿಲಿಕೆ ಬಂದದ್ದು ದೇವರನ್ನೊಪ್ಪದ ಸದಸ್ಯರ ಪಟ್ಟಿನಿಂದ. ಎಎ ಎಲ್ಲರದ್ದಾದದ್ದು ಈ ಸಡಿಲಿಕೆಯಿಂದಲೇ, ಮುಂದೆ ಚರ್ಚಿನವರು ಬೇರೆ ಕೂಟ ಕಟ್ಟಲು ಕಾರಣವಾದದ್ದೂ ಇದೇ.

ಅಂಥವುಗಳಲ್ಲಿ ಅತಿ ದೊಡ್ಡದು ‘ಸೆಲೆಬ್ರೇಟ್ ರಿಕವರಿ’. ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನ ಸದಸ್ಯ ಜಾನ್ ಬೇಕರ್ ಎಎಯಲ್ಲಿ ಕುಡಿತ ಬಿಟ್ಟವರು. ಅಲ್ಲಿ ಯೇಸುವಿನ ಮಾತೆತ್ತಲಾಗದು, ಚರ್ಚಿನಲ್ಲಿ ಕುಡಿತದ ಮಾತೆತ್ತಲಾಗದು ಎಂಬ ಇಕ್ಕಟ್ಟಿನಲ್ಲಿ ಅವರು ಪಾಸ್ಟರ್ ರಿಕ್ ವಾರನ್‌ಗೆ 13 ಪುಟಗಳ ಪತ್ರ ಬರೆದರು. ನೀವೇ ಶುರುಮಾಡಿ ಎಂಬ ಉತ್ತರ ಬಂತು. 1991ರಲ್ಲಿ ನಡೆದ ಮೊದಲ ಕೂಟಕ್ಕೆ ಬಂದವರು 43 ಜನ. ಹನ್ನೆರಡು ಹಂತಗಳ ಜೊತೆಗೆ, ಪರ್ವತ ಪ್ರಸಂಗದಲ್ಲಿ ಯಾರು ಧನ್ಯರೆಂದು ಹೇಳುವ ವಾಕ್ಯಗಳ ಮೇಲೆ ನಿಲ್ಲಿಸಿದ ಎಂಟು ತತ್ವಗಳು ಇದರ ತಿರುಳು.

ಎಎ ಸದಸ್ಯ ತನ್ನನ್ನು ಮದ್ಯವ್ಯಸನಿ ಎಂದೇ ಪರಿಚಯಿಸಿಕೊಳ್ಳುತ್ತಾನೆ; ಇಲ್ಲಿ ಮೊದಲು ಯೇಸುವಿನ ವಿಶ್ವಾಸಿ ಎನ್ನಬೇಕು, ಆಮೇಲೆ ತನ್ನ ತೊಡಕು ಯಾವುದೆಂದು ಹೇಳಬೇಕು. ಹಾಡು, ಸಾಕ್ಷಿ ಮುಗಿದ ಮೇಲೆ ಗಂಡಸರು ಹೆಂಗಸರು ಬೇರೆ ಬೇರೆ ಕೂರುತ್ತಾರೆ. ಒಬ್ಬರಿಗೆ ಮೂರರಿಂದ ಐದು ನಿಮಿಷ. ನಡುವೆ ಬಾಯಿ ಹಾಕುವಂತಿಲ್ಲ, ಇನ್ನೊಬ್ಬರನ್ನು ರಿಪೇರಿ ಮಾಡಲು ಹೊರಡುವಂತಿಲ್ಲ. ಒಳಗಿನ ಬೆಳವಣಿಗೆಯ ಭಾರವೆಲ್ಲ ಇರುವುದು ತಿಂಗಳುಗಟ್ಟಲೆ ನಡೆಯುವ ‘ಸ್ಟೆಪ್ ಸ್ಟಡಿ’ಯಲ್ಲಿ. ಅಲ್ಲಿ ತನಗಾದ ನೋವು, ತಾನು ಮಾಡಿದ ನೋವು ಎರಡನ್ನೂ ಬರೆದು ನಂಬಿಕೆಯ ಒಬ್ಬರ ಮುಂದೆ ಓದಬೇಕು. ಮದ್ಯ, ಮಾದಕವಸ್ತುಗಳಿಗಾಗಿ ಬರುವವರು ಮೂರರಲ್ಲೊಂದು ಪಾಲು ಮಾತ್ರ ಎನ್ನುತ್ತದೆ ಸಂಸ್ಥೆ. ಉಳಿದವರದು ಸಿಟ್ಟು, ಪರಾವಲಂಬನೆ, ಬಾಲ್ಯದ ಗಾಯ. ಬೈಬಲ್ಲಿಗೆ ಮನಶ್ಶಾಸ್ತ್ರ ಬೆರೆಸಿದ್ದೆಂದು ಟೀಕಿಸುವವರು ಚರ್ಚಿನೊಳಗೇ ಇದ್ದಾರೆ. ಬೇಕರ್ 2021ರಲ್ಲಿ ತೀರಿಕೊಂಡರು.

ಭಾರತದಲ್ಲಿ ಕತೆ ಬೇರೆ ದಾರಿ ಹಿಡಿಯಿತು. ಕ್ಯಾಥೊಲಿಕ್ ಗುರು ಜೋ ಪೆರೇರಾ 1981ರಲ್ಲಿ ಮುಂಬೈಯಲ್ಲಿ ಆರಂಭಿಸಿದ ಕೃಪಾ ಪ್ರತಿಷ್ಠಾನ ಹನ್ನೆರಡು ಹಂತಗಳಿಗೆ ಯೋಗಾಸನವನ್ನು ಸೇರಿಸಿತು; ಅವರ ಯೋಗಗುರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್.

ಅಮೆರಿಕದ ನ್ಯಾಯಾಲಯಗಳು 1996ರಿಂದೀಚೆಗೆ ಹಲವು ತೀರ್ಪುಗಳಲ್ಲಿ, ಕೈದಿಗಳನ್ನು ಎಎ ಮಾದರಿಯ ಕೂಟಗಳಿಗೆ ಬಲವಂತವಾಗಿ ಕಳಿಸುವುದು ಸಂವಿಧಾನಕ್ಕೆ ವಿರುದ್ಧವೆಂದಿವೆ. ಎಎ ಯೇಸುವಿನ ಹೆಸರು ಬಿಟ್ಟರೂ ಧರ್ಮ ಬಿಟ್ಟಿಲ್ಲ ಎಂಬುದು ಈ ತೀರ್ಪುಗಳ ವಾದ. ಫಲಿತಾಂಶದ ವಿಷಯದಲ್ಲಿ, 27 ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ಕಾಕ್ರೇನ್ ಪರಿಶೀಲನೆ, ಕುಡಿತವನ್ನು ಪೂರ್ತಿ ಬಿಡಿಸುವುದರಲ್ಲಿ ಎಎ ಮತ್ತು ಅದರತ್ತ ಒಯ್ಯುವ ಚಿಕಿತ್ಸೆ ಇತರ ಚಿಕಿತ್ಸೆಗಳಿಗಿಂತ ಮೇಲು ಎಂದಿತು. ಅದು ಅಳೆದದ್ದು ಎಎಯನ್ನು, ಚರ್ಚಿನ ಕೂಟಗಳನ್ನಲ್ಲ.