ಅಗತ್ಯ ತೀರಿದರೂ ನಿಲ್ಲದ ವ್ಯಾಪಾರ

ರಿಜಿಸ್ಟ್ರಿ ಕ್ಲೀನರ್ ತಂತ್ರಾಂಶಗಳು ಹುಟ್ಟುವಾಗಲೇ ಮೋಸದ ಸರಕಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ವಿನ್.ಐಎನ್ಐ, ಸಿಸ್ಟಂ.ಐಎನ್ಐ ಮುಂತಾದ ಬಿಡಿ ಕಡತಗಳಲ್ಲಿ ಬರೆದಿಡುತ್ತಿತ್ತು. 1995ರಲ್ಲಿ ಬಂದ ವಿಂಡೋಸ್ 95 ಅವುಗಳಲ್ಲಿ ಬಹುಪಾಲನ್ನು ರಿಜಿಸ್ಟ್ರಿ ಎಂಬ ಒಂದೇ ಸಂಗ್ರಹಕ್ಕೆ ತಂದಿತು. ಪ್ರೋಗ್ರಾಂ ಹಾಕಿದಾಗ ಅಲ್ಲಿ ನಮೂದುಗಳು ಸೇರುತ್ತಿದ್ದವು. ಅದನ್ನು ತೆಗೆದ ಮೇಲೂ ಎಷ್ಟೋ ನಮೂದುಗಳು ಹಾಗೇ ಉಳಿಯುತ್ತಿದ್ದವು. ವಿಂಡೋಸ್ 95 ಓಡಲು ಕನಿಷ್ಠ 4 ಎಂಬಿ ಮೆಮೊರಿ ಸಾಕೆನ್ನುತ್ತಿದ್ದ ಕಾಲ ಅದು. ಅಂಥ ಯಂತ್ರದಲ್ಲಿ ಕಸ ತೆಗೆಯಬೇಕೆಂಬ ಯೋಚನೆ ಸಹಜವೇ. ಮೈಕ್ರೋಸಾಫ್ಟ್ ಕೂಡ ರೆಗ್‌ಕ್ಲೀನ್ ಎಂಬ ಉಪಕರಣವನ್ನು ಕೊಟ್ಟಿತ್ತು. ಮುಂದೆ ಅದನ್ನು ತಾನೇ ಹಿಂತೆಗೆದುಕೊಂಡಿತು.

ಅಷ್ಟರಲ್ಲಿ ವ್ಯವಸ್ಥೆಯೇ ಬದಲಾಗಿತ್ತು. ವಿಂಡೋಸ್ 2000ದ ವರೆಗೆ ರಿಜಿಸ್ಟ್ರಿಯ ಗಾತ್ರಕ್ಕೆ ಮಿತಿಯಿತ್ತು. 2001ರ ಎಕ್ಸ್‌ಪಿ ಆ ಮಿತಿಯನ್ನು ತೆಗೆದು, ಬೇಕಾದ ಭಾಗವನ್ನಷ್ಟೇ ಮೆಮೊರಿಗೆ ತರುವ ಕ್ರಮವನ್ನು ತಂದಿತು. ನಿಘಂಟಿನಲ್ಲಿ ಯಾರೂ ಬಳಸದ ನೂರು ಪದಗಳಿದ್ದ ಮಾತ್ರಕ್ಕೆ ನಮಗೆ ಬೇಕಾದ ಪದ ಹುಡುಕುವುದು ತಡವಾಗುವುದಿಲ್ಲ. ರಿಜಿಸ್ಟ್ರಿಯಲ್ಲಿ ನಡೆಯುವ ಹುಡುಕಾಟವೂ ಹಾಗೆಯೇ. ಲಕ್ಷಾಂತರ ನಮೂದುಗಳ ನಡುವೆ ಕೆಲವು ನೂರು ಅನಾಥ ನಮೂದುಗಳನ್ನು ಅಳಿಸಿದರೆ ಸಿಗುವ ವೇಗ ಲೆಕ್ಕಕ್ಕೇ ಬಾರದು. ಕ್ಲೀನರ್‌ಗಳ ಮೂಲ ಕಾರಣ ಇಲ್ಲಿಗೆ ತೀರಿತೆಂದೇ ನನ್ನ ವಾದ.

ವ್ಯಾಪಾರ ಮಾತ್ರ ತೀರಲಿಲ್ಲ, ಇನ್ನೂ ಬೆಳೆಯಿತು. ಅದಕ್ಕೆ ಬಂಡವಾಳವಾದದ್ದು ಭಯ. ಉಚಿತವಾಗಿ ಸ್ಕ್ಯಾನ್ ಮಾಡಿ, ನೂರಾರು ದೋಷಗಳನ್ನು ಕೆಂಪು ಅಕ್ಷರದಲ್ಲಿ ತೋರಿಸಿ, ಸರಿಪಡಿಸಲು ಹಣ ಕೇಳುವುದು ರೂಢಿಯಾಯಿತು. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ‘ರಿಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ’ ಮಾರುತ್ತಿದ್ದವರ ಮೇಲೆ ಮೊಕದ್ದಮೆ ಹೂಡಿದರು. ರಿಜಿಸ್ಟ್ರಿ ಹಾಳಾಗಿದೆ ಎಂಬ ಸುಳ್ಳು ಎಚ್ಚರಿಕೆಯನ್ನು ಪರದೆಯ ಮೇಲೆ ಚಿಮ್ಮಿಸಿ 39.95 ಡಾಲರ್ ಕೀಳುತ್ತಿದ್ದರೆಂಬುದು ಆರೋಪ. ಕಂಪ್ಯೂಟರಿನ ಒಳಗು ತಿಳಿಯದವರ ಅಸಹಾಯಕತೆಯನ್ನೇ ಹಣವಾಗಿಸಿದ ಈ ಪರಿ ನನಗೆ ಅಕ್ಷಮ್ಯವೆನಿಸುತ್ತದೆ.

ಎಲ್ಲ ಕ್ಲೀನರ್‌ಗಳೂ ಹೀಗಲ್ಲ, ಬಳಸಿದ ಮೇಲೆ ಯಂತ್ರ ಚುರುಕಾದದ್ದುಂಟು ಎಂಬ ಮಾತಿದೆ. ನಿಜವಿರಬಹುದು. ಆದರೆ ಇಂಥ ತಂತ್ರಾಂಶಗಳು ತಾತ್ಕಾಲಿಕ ಕಡತಗಳನ್ನೂ, ಯಂತ್ರ ಶುರುವಾದೊಡನೆ ಏಳುವ ಪ್ರೋಗ್ರಾಂಗಳನ್ನೂ ತೆಗೆಯುತ್ತವೆ. ಫಲ ಬರುವುದು ಅಲ್ಲಿಂದ. ಆ ಕೆಲಸಕ್ಕೆ ವಿಂಡೋಸಿನಲ್ಲೇ ಡಿಸ್ಕ್ ಕ್ಲೀನಪ್ ಇದೆ, ಟಾಸ್ಕ್ ಮ್ಯಾನೇಜರ್ ಇದೆ. ಅರೆಬರೆ ತೆಗೆದ ಪ್ರೋಗ್ರಾಂನ ಉಳಿಕೆ ನಿಜಕ್ಕೂ ತೊಡಕು ತರುವುದುಂಟು, ಅದನ್ನು ಒಪ್ಪಲೇಬೇಕು. ಅಂಥಲ್ಲಿ ಆ ಒಂದು ನಮೂದನ್ನು ಗುರುತಿಸಿ ತೆಗೆಯುವುದು ಸರಿ. ಸಾವಿರ ನಮೂದುಗಳಲ್ಲಿ ಯಾವುದು ಅನಾಥವೆಂದು ಯಂತ್ರದ ಊಹೆಗೆ ಬಿಡುವುದಲ್ಲ. ಊಹೆ ತಪ್ಪಿದರೆ ಆಗುವ ಹಾನಿಯನ್ನು ಮೈಕ್ರೋಸಾಫ್ಟೇ ಕಂಡಿದೆ: ತನ್ನ ವಿಂಡೋಸ್ ಇನ್‌ಸ್ಟಾಲರ್ ಕ್ಲೀನಪ್ ಉಪಕರಣ ಬೇರೆ ಘಟಕಗಳನ್ನು ಕೆಡಿಸುತ್ತಿತ್ತೆಂದು 2010ರಲ್ಲಿ ಅದನ್ನು ನಿಲ್ಲಿಸಿತು. ಕ್ಲೀನರ್‌ಗಳಿಂದ ಕೆಟ್ಟ ಯಂತ್ರಕ್ಕೆ ವಿಂಡೋಸನ್ನೇ ಮತ್ತೆ ಹಾಕಬೇಕಾದೀತೆಂದೂ ಎಚ್ಚರಿಸಿದೆ. ಬ್ಯಾಕಪ್ ಇದೆಯಲ್ಲ ಎನ್ನುವವರು ಒಂದನ್ನು ಗಮನಿಸಬೇಕು. ರಿಜಿಸ್ಟ್ರಿಯ ಪ್ರತಿಯನ್ನು ರೆಗ್‌ಬ್ಯಾಕ್ ಫೋಲ್ಡರಿನಲ್ಲಿ ತಾನಾಗಿ ಇಡುವ ಪದ್ಧತಿಯನ್ನು ವಿಂಡೋಸ್ 10, ತನ್ನ 1803ನೇ ಆವೃತ್ತಿಯಿಂದ ಕೈಬಿಟ್ಟಿದೆ. ಕ್ಲೀನರ್ ತಾನೇ ಉಳಿಸಿದ ಪ್ರತಿಯನ್ನು ಮರಳಿ ಸೇರಿಸಲು ಮೊದಲು ಯಂತ್ರ ಏಳಬೇಕು.