ಕುಲುಮೆಯಿಂದ ಕಾರ್ಖಾನೆಗೆ: ಭದ್ರಾವತಿಯಲ್ಲಿ ಇಂಧನದ ಆಯ್ಕೆ

ಕೈಗಾರಿಕೆಯ ಚರಿತ್ರೆಯನ್ನು ಬಹುಮಟ್ಟಿಗೆ ಮುಖ್ಯ ಯಂತ್ರದ ಚರಿತ್ರೆಯಾಗಿಯೇ ಬರೆಯಲಾಗಿದೆ. ಇಂಧನವನ್ನು ಒದಗಿಸುವ, ಅದಿರನ್ನು ಸಾಗಿಸುವ, ಉಳಿಕೆಯನ್ನು ಸರಕಾಗಿಸುವ ಪೂರಕ ವ್ಯವಸ್ಥೆಗಳು ಅಲ್ಲಿ ಹಿನ್ನೆಲೆಗೆ ಸರಿಯುತ್ತವೆ. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯ ಮಟ್ಟಿಗೆ ಈ ಕ್ರಮ ಸಾಲದು. ಅಲ್ಲಿ ಇಂಧನದ ಆಯ್ಕೆಯೇ ಕುಲುಮೆಯ ಗಾತ್ರವನ್ನೂ ಕಾರ್ಖಾನೆಯ ಭವಿಷ್ಯವನ್ನೂ ನಿರ್ಧರಿಸಿತು.

ಮೈಸೂರು ಸೀಮೆಗೆ ಕಬ್ಬಿಣ ಕರಗಿಸುವ ವಿದ್ಯೆ ಹೊಸದಾಗಿರಲಿಲ್ಲ. 1800-01ರಲ್ಲಿ ಸಂಸ್ಥಾನದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇದ್ದಿಲು ಮತ್ತು ತಿದಿಗಳಿಂದ ನಡೆಯುತ್ತಿದ್ದ ಕುಲುಮೆಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಈ ಬಗೆಯ ಕುಲುಮೆ ಮಣ್ಣಿನದು, ಚಿಕ್ಕದು. ಕಟ್ಟಿಗೆ ತೀರಿದರೆ ಅದನ್ನು ಬೇರೆಡೆ ಕಟ್ಟಿಕೊಳ್ಳಬಹುದಾಗಿತ್ತು. ಅಂದರೆ ಕುಲುಮೆಯೇ ಕಾಡಿನ ಬಳಿಗೆ ಹೋಗುತ್ತಿತ್ತು.

ಕಾರ್ಖಾನೆಯು ಈ ಸಂಬಂಧವನ್ನು ಮಗುಚಿತು. ಸಂಸ್ಥಾನದಲ್ಲಿ ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರಿತ್ತು, ಮಲೆನಾಡಿನ ಮರವಿತ್ತು; ಕಲ್ಲಿದ್ದಲು ಮಾತ್ರ ಇರಲಿಲ್ಲ. ದೂರದ ಗಣಿಗಳಿಂದ ಅದನ್ನು ತರಿಸುವ ಬದಲು, ಇದ್ದಿಲಿನ ಊದುಕುಲುಮೆಯನ್ನು ಆರಿಸಿಕೊಳ್ಳಲಾಯಿತು. ಇದ್ದಿಲಿನಲ್ಲಿ ಗಂಧಕ ಅತ್ಯಲ್ಪವಾದ್ದರಿಂದ ಉತ್ತಮ ದರ್ಜೆಯ ಬೀಡುಕಬ್ಬಿಣ ದೊರೆಯುತ್ತದೆ. ಆದರೆ ಇದ್ದಿಲು ಮೃದು. ಮೇಲಿನ ಭಾರಕ್ಕೆ ಪುಡಿಯಾಗುವುದರಿಂದ ಕುಲುಮೆಯನ್ನು ಹೆಚ್ಚು ಎತ್ತರಿಸಲಾಗದು. ಮೇಲಾಗಿ ಒಂದು ಟನ್ ಇದ್ದಿಲಿಗೆ ಸಾಮಾನ್ಯವಾಗಿ 3ರಿಂದ 5 ಟನ್ ಕಟ್ಟಿಗೆ ಬೇಕು. ಹೀಗಾಗಿ ಕಾಡೇ ಕುಲುಮೆಯ ಬಳಿಗೆ ಬರಬೇಕಾಯಿತು. ಅದಿರಿಗಾಗಿ ರೋಪ್‌ವೇ, ಕಟ್ಟಿಗೆಗಾಗಿ ಟ್ರಾಂ ಹಳಿಗಳು ಸಿದ್ಧವಾದವು. ಮರವನ್ನು ಬಟ್ಟಿಯಿಳಿಸುವ ದೊಡ್ಡ ಘಟಕವೊಂದು ಇದ್ದಿಲಿನ ಜೊತೆಗೆ ಟಾರು, ಮೀಥೈಲ್ ಆಲ್ಕೋಹಾಲ್, ಸುಣ್ಣದ ಅಸಿಟೇಟ್‌ಗಳನ್ನೂ ನೀಡುವಂತೆ ಯೋಜಿತವಾಯಿತು.

1918ರಲ್ಲಿ ಆರಂಭಗೊಂಡ ಈ ಉದ್ಯಮ 1923ರಲ್ಲಿ ಉತ್ಪಾದನೆಗೆ ಇಳಿಯಿತು. ಯೋಜನೆಯ ಲೆಕ್ಕಾಚಾರ ಯುದ್ಧಕಾಲದ ಬೆಲೆಗಳ ನೆರಳಿನಲ್ಲಿ ನಡೆದಿತ್ತು. ಉತ್ಪಾದನೆಯ ವೇಳೆಗೆ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ವೆಚ್ಚವನ್ನು ತಗ್ಗಿಸಿದರು, ವಿದೇಶಿ ತಜ್ಞರ ಸ್ಥಾನದಲ್ಲಿ ದೇಶೀಯರನ್ನು ತರಬೇತುಗೊಳಿಸಿದರು. ಕಚ್ಚಾ ಕಬ್ಬಿಣವನ್ನು ಹಾಗೆಯೇ ಮಾರುವ ಬದಲು ಕೊಳವೆಗಳನ್ನು ಎರಕ ಹೊಯ್ಯುವ ಘಟಕವೂ ಸೇರಿಕೊಂಡಿತು. ಕಾರ್ಖಾನೆ ಉಳಿದದ್ದು ಕುಲುಮೆಯೊಂದರ ಬಲದಿಂದಲ್ಲ, ಅದರ ಸುತ್ತಲಿನ ವ್ಯವಸ್ಥೆಯನ್ನು ತಿದ್ದಿದ್ದರಿಂದ.

ಇಂಧನದ ಪ್ರಶ್ನೆ ಮಾತ್ರ ಬಗೆಹರಿದಿರಲಿಲ್ಲ. ಶರಾವತಿಯ ಜೋಗ್ ವಿದ್ಯುದಾಗಾರ ಕಾರ್ಯಾರಂಭ ಮಾಡಿದ ತರುವಾಯ, 1950ರ ದಶಕದ ಆರಂಭದಲ್ಲಿ, ವಿದ್ಯುತ್ ಕುಲುಮೆಗಳು ಬಂದವು. ಊದುಕುಲುಮೆಯಲ್ಲಿ ಇದ್ದಿಲು ಎರಡು ಕೆಲಸ ಮಾಡುತ್ತಿತ್ತು: ಶಾಖ ಕೊಡುವುದು, ಅದಿರಿನಿಂದ ಆಮ್ಲಜನಕವನ್ನು ಬಿಡಿಸುವುದು. ವಿದ್ಯುತ್ತು ಮೊದಲನೆಯದನ್ನು ವಹಿಸಿಕೊಂಡಿತು. ಇಂಗಾಲದ ಅಗತ್ಯ ತಗ್ಗಿತು, ತಪ್ಪಲಿಲ್ಲ.

ಈ ಆಯ್ಕೆಗಳ ಮೌಲ್ಯಮಾಪನದಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಕಾರ್ಖಾನೆಯ ಲೆಕ್ಕದಲ್ಲಿ ಮರಕ್ಕೆ ಬೆಲೆಯಿತ್ತು, ಸಾಗಾಟಕ್ಕೆ ಬೆಲೆಯಿತ್ತು. ಕಾಡಿನ ಮೇಲೆ ಬದುಕು ಕಟ್ಟಿಕೊಂಡವರ ನಷ್ಟಕ್ಕೆ ಕಾಲಂ ಇರಲಿಲ್ಲ. ಮರ ಕಡಿದು ಕಟ್ಟಿಗೆ ಹೊತ್ತವರ ಅರಿವು ಕೂಲಿಯಾಗಿ ದಾಖಲಾಯಿತೇ ಹೊರತು ಜ್ಞಾನವಾಗಿ ಅಲ್ಲ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಸ್ಥಳಪುರಾಣವು ಅದನ್ನು ವಂಕಿ ಮಹರ್ಷಿಯ ಹೆಸರಿಗೆ ಜೋಡಿಸುತ್ತದೆ. ಕಿವಿಗೆ ಮಾತ್ರ ಕೇಳುವುದು ಬೆಂಕಿಯೇ. ಆ ಬೆಂಕಿಗೆ ಕಟ್ಟಿಗೆ ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂಬ ಪ್ರಶ್ನೆಗೆ ಆಡಳಿತ ವರದಿಗಳಷ್ಟೇ ಸಾಲವು. ಮಲೆನಾಡಿನ ಮೌಖಿಕ ನೆನಪುಗಳೂ ಆಕರಗಳಾಗಬೇಕು. ಆಗ ಮಾತ್ರ ಈ ಕೈಗಾರಿಕೆಯ ಲೆಕ್ಕ ಪೂರ್ತಿಯಾಗುತ್ತದೆ.